ಸೆಕೋನಿಕ್ ಎಲ್-308ಎಕ್ಸ್: ಸ್ಕ್ರೀನ್ ಇರುವ ಕಾಲದಲ್ಲಿ ಫ್ಲ್ಯಾಶ್ ಮೀಟರ್ ಯಾಕೆ?

"ಕ್ಯಾಮೆರಾ ಹಿಂದೆ ಸ್ಕ್ರೀನ್ ಇದೆ, ಬೆಳಕು ತೋರಿಸುವ ಗ್ರಾಫ್ ಹಿಸ್ಟೋಗ್ರಾಂ ಇದೆ. ಇದೊಂದು ಯಾಕೆ ಮತ್ತೆ?" ನನ್ನ ಕೈಯಲ್ಲಿ ಫ್ಲ್ಯಾಶಿನ ಬೆಳಕು ಅಳೆಯುವ ಈ ಮೀಟರ್ ನೋಡಿದ ಫೋಟೋಗ್ರಾಫರ್ ಗೆಳೆಯರೆಲ್ಲ ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ ಅದು. ಒಂದೇ ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಕೂರಿಸಿ, ಲೆನ್ಸ್ ಮೂಲಕ ಬೆಳಕು ಅಳೆದು ಫ್ಲ್ಯಾಶಿನ ಬಲವನ್ನು ಕ್ಯಾಮೆರಾವೇ ಹೊಂದಿಸುವ ಟಿಟಿಎಲ್‌ನಲ್ಲಿ ಇಟ್ಟು, ಜನರ ನಡುವೆ ಓಡಾಡುತ್ತ ಫೋಟೋ ತೆಗೆಯುವವರಾದರೆ ನಿಮಗೆ ಇದು ಬೇಡ. ಮುಂದೆ ಓದದಿದ್ದರೂ ನಡೆಯುತ್ತದೆ.

ಎರಡು ಮೂರು ಫ್ಲ್ಯಾಶ್‌ಗಳನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅವುಗಳ ಬಲವನ್ನು ತಾವೇ ಹೊಂದಿಸುವ ಮ್ಯಾನುಯಲ್‌ನಲ್ಲಿ ಕೆಲಸ ಮಾಡುವವರ ಕಥೆ ಬೇರೆ. ಫೋಟೋ ಹೇಗೆ ಬಂತು ಅಂತ ಸ್ಕ್ರೀನ್ ಹೇಳುತ್ತದೆ, ನಿಜ. ಆದರೆ ಯಾವ ಲೈಟ್ ಎಷ್ಟು ಕೊಡುತ್ತಿದೆ, ಎಲ್ಲಿ ಜಾಸ್ತಿ ಬೀಳುತ್ತಿದೆ, ಎಲ್ಲಿ ಸಾಲುತ್ತಿಲ್ಲ ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ನಾನು ಈ ಮೀಟರ್ ಇಟ್ಟುಕೊಂಡಿರುವುದು ಆ ಒಂದು ಕಾರಣಕ್ಕೆ. ಸರಿಯಾದ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣ) ಸಿಗುವುದು ಅದರ ಜೊತೆ ಬರುವ ಲಾಭ.

ಮೊದಲು ವಸ್ತು ಹೇಗಿದೆ ಹೇಳಿಬಿಡುತ್ತೇನೆ. ಸೆಕೋನಿಕ್ 1951ರಿಂದ ಲೈಟ್ ಮೀಟರ್ ಮಾಡಿಕೊಂಡು ಬಂದಿರುವ ಜಪಾನಿನ ಕಂಪನಿ. ಎಲ್-308ಎಕ್ಸ್ ಅವರ ಸಣ್ಣ ಮಾಡೆಲ್‌ಗಳಲ್ಲಿ ಒಂದು. ಅಂಗೈಯಲ್ಲಿ ಮುಚ್ಚಿಹೋಗುತ್ತದೆ, ಅಂಗಿ ಜೇಬಿನಲ್ಲಿ ಹಾಕಿಕೊಂಡರೆ ಇದೆಯೆಂಬುದೇ ಮರೆತುಹೋಗುತ್ತದೆ. ಮೇಲ್ತುದಿಯಲ್ಲಿ ಅರ್ಧಕ್ಕೆ ಕತ್ತರಿಸಿದ ಪಿಂಗ್‌ಪಾಂಗ್ ಚೆಂಡಿನ ಹಾಗೆ ಒಂದು ಬಿಳಿ ಗುಮ್ಮಟ. ಕೆಳಗೆ ಸ್ಕ್ರೀನ್, ಕೆಲವೇ ಬಟನ್. ಒಂದೇ ಒಂದು ಎಎ ಸೆಲ್‌ನಲ್ಲಿ ನಡೆಯುತ್ತದೆ. ಇದು ನನಗೆ ತುಂಬ ಹಿಡಿಸಿದ ಸಂಗತಿ. ಸಣ್ಣ ಫ್ಲ್ಯಾಶ್ ಇಟ್ಟುಕೊಂಡವರ ಬ್ಯಾಗಿನಲ್ಲಿ ಎಎ ಸೆಲ್ ಹೇಗೂ ಇದ್ದೇ ಇರುತ್ತದೆ, ಬೇರೆ ಚಾರ್ಜರ್, ಬೇರೆ ಕೇಬಲ್ ಅಂತ ತಲೆಬಿಸಿ ಇಲ್ಲ. ಹಿಂದಿನ ಎಲ್-308ಎಸ್‌ಗೆ ಸ್ಕ್ರೀನ್ ಲೈಟ್ ಇರಲಿಲ್ಲ. ಕತ್ತಲೆ ಸ್ಟುಡಿಯೋದಲ್ಲಿ ಅಂಕಿ ನೋಡಲು ಮೊಬೈಲ್ ಟಾರ್ಚ್ ಹಾಕಬೇಕಾಗುತ್ತಿತ್ತು. ಎಕ್ಸ್‌ನಲ್ಲಿ ಬ್ಯಾಕ್‌ಲೈಟ್ ಬಂದಿದೆ. ಹಳೆಯದು ಇದ್ದವರಿಗೆ ಹೊಸದಕ್ಕೆ ಹೋಗಲು ಇಷ್ಟೇ ಕಾರಣ ಸಾಕು ಅನ್ನುತ್ತೇನೆ. ವಿಡಿಯೋ ಮಾಡುವವರಿಗೆ ಸಿನಿ ಮೋಡ್‌ಗಳೂ ಇವೆ. ನಾನು ಅವನ್ನು ಬಳಸುವುದಿಲ್ಲ, ಹಾಗಾಗಿ ಅವುಗಳ ಮಾತು ಬಿಟ್ಟುಬಿಡುತ್ತೇನೆ.

ಆ ಬಿಳಿ ಗುಮ್ಮಟವೇ ಇದರ ಜೀವ. ಮುಖವೂ ಮೂಗು, ಕೆನ್ನೆ, ಹಣೆ ಎಂದು ಉಬ್ಬಿಕೊಂಡೇ ಇದೆಯಲ್ಲ. ಅದರ ಮೇಲೆ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಬೀಳುವ ಬೆಳಕನ್ನೆಲ್ಲ ಒಟ್ಟಿಗೆ ಅಳೆಯಬೇಕಾದರೆ ಅಳೆಯುವ ಸಾಧನವೂ ಉಬ್ಬಿಕೊಂಡಿರಬೇಕು. ಡಾನ್ ನಾರ್ವುಡ್ ಎಂಬ ಅಮೆರಿಕನ್ನನ ಯೋಚನೆ ಇದು. ಇವತ್ತಿನ ಮೀಟರ್‌ಗಳಲ್ಲೂ ಅದೇ ನಡೆದುಬಂದಿದೆ. ಗುಮ್ಮಟವನ್ನು ಪಕ್ಕಕ್ಕೆ ಸರಿಸಿದರೆ ವಸ್ತುವಿನಿಂದ ವಾಪಸ್ ಬರುವ ಬೆಳಕನ್ನೂ ಅಳೆಯಬಹುದು, 40 ಡಿಗ್ರಿ ಅಗಲದಲ್ಲಿ. ಅಷ್ಟು ಅಗಲದ ಅಳತೆ ನನಗೆ ಉಪಯೋಗಕ್ಕೆ ಬರುವುದು ಕಡಿಮೆ. ಆ ಕೆಲಸವನ್ನು ಕ್ಯಾಮೆರಾವೇ ಮಾಡುತ್ತದೆ.

ಈಗ ಮುಖ್ಯ ವಿಷಯ. ಕ್ಯಾಮೆರಾದ ಟಿಟಿಎಲ್ ಏನು ಮಾಡುತ್ತದೆ? ನೀವು ಬಟನ್ ಒತ್ತಿದಾಗ ಮೊದಲು ಫ್ಲ್ಯಾಶ್ ಒಂದು ಸಣ್ಣ ಮಿಂಚು ಬಿಡುತ್ತದೆ. ಅದು ಎದುರಿನವರಿಗೆ ಬಡಿದು ಲೆನ್ಸ್ ಮೂಲಕ ವಾಪಸ್ ಬಂದದ್ದನ್ನು ಕ್ಯಾಮೆರಾ ಅಳೆಯುತ್ತದೆ. ಅದನ್ನು ನೋಡಿ ನಿಜವಾದ ಫ್ಲ್ಯಾಶ್ ಎಷ್ಟು ಬೇಕೆಂದು ಲೆಕ್ಕ ಹಾಕುತ್ತದೆ. ಎರಡೂ ಎಷ್ಟು ಬೇಗ ಆಗುತ್ತವೆಂದರೆ ನಮ್ಮ ಕಣ್ಣಿಗೆ ಒಂದೇ ಮಿಂಚಿನ ಹಾಗೆ ಕಾಣುತ್ತದೆ. (ಕೆಲವರ ಕಣ್ಣುರೆಪ್ಪೆಗೆ ಮಾತ್ರ ಮೊದಲನೆಯದೇ ಗೊತ್ತಾಗಿಬಿಡುತ್ತದೆ. ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚುವವರು ಇರುತ್ತಾರಲ್ವಾ, ಅವರೇ.) ಫಿಲ್ಮ್ ಕಾಲದಲ್ಲಿ ಇದು ಬೇರೆ ಥರ ಇತ್ತು. 1975ರಲ್ಲಿ ಬಂದ ಒಲಿಂಪಸ್ ಓಎಂ-2 ಫಿಲ್ಮ್ ಮೇಲಿಂದ ಪ್ರತಿಫಲಿಸುವ ಬೆಳಕನ್ನು ಆ ಕ್ಷಣದಲ್ಲೇ ಓದಿ, ಸಾಕಾದ ಕೂಡಲೇ ಫ್ಲ್ಯಾಶನ್ನು ನಿಲ್ಲಿಸುತ್ತಿತ್ತು. ಡಿಜಿಟಲ್ ಸೆನ್ಸರ್ ಫಿಲ್ಮಿನ ಹಾಗೆ ಬೆಳಕನ್ನು ವಾಪಸ್ ಕೊಡುವುದಿಲ್ಲ, ಅದಕ್ಕೇ ಮುಂಚೆಯೇ ಒಂದು ಮಿಂಚು ಬಿಟ್ಟು ನೋಡಬೇಕು.

ಹೇಗೆ ಮಾಡಿದರೂ ಕ್ಯಾಮೆರಾ ಅಳೆಯುವುದು ವಾಪಸ್ ಬಂದ ಬೆಳಕನ್ನು. ಅಲ್ಲೇ ತೊಂದರೆ. ಕಪ್ಪು ಕೋಟು ಹಾಕಿದವರಿಂದ ಕಡಿಮೆ ವಾಪಸ್ ಬರುತ್ತದೆ, ಬಿಳಿ ಅಂಗಿಯವರಿಂದ ಜಾಸ್ತಿ. ಎದುರಿಗಿರುವುದು ಸುಮಾರು ನಡುಬೂದು ಅಂತ ಇಟ್ಟುಕೊಂಡು ಲೆಕ್ಕ ಹಾಕುವ ಕ್ಯಾಮೆರಾ, ಕೋಟು ನೋಡಿ "ಅಯ್ಯೋ, ಬೆಳಕು ಸಾಲಲಿಲ್ಲ" ಅಂತ ಇನ್ನಷ್ಟು ಸುರಿಯುತ್ತದೆ. ಅಂಗಿ ನೋಡಿ ಕೈ ಹಿಡಿಯುತ್ತದೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಬ್ಬರನ್ನು ಸ್ಟೂಲ್ ಮೇಲೆ ಕೂರಿಸಿ, ಫ್ಲ್ಯಾಶ್ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಸಾಫ್ಟ್‌ಬಾಕ್ಸನ್ನು ಒಂದೂವರೆ ಮೀಟರ್ ದೂರದಲ್ಲಿ ಇಡಿ. ಕೋಟು ಹಾಕಿಸಿ ಟಿಟಿಎಲ್‌ನಲ್ಲಿ ಒಂದು ಫೋಟೋ, ಕೋಟು ತೆಗೆಸಿ ಬಿಳಿ ಅಂಗಿಯಲ್ಲಿ ಇನ್ನೊಂದು. ಎರಡರಲ್ಲೂ ಹಣೆಯನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ವ್ಯಕ್ತಿ ಅದೇ, ಲೈಟ್ ಅದೇ, ದೂರ ಅದೇ. ಆದರೂ ಹಣೆ ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಮಂಕು. ಫ್ಲ್ಯಾಶ್ ಕಾಂಪೆನ್ಸೇಷನ್ನಿನಲ್ಲಿ ಕೋಟಿಗೆ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು) ಇಳಿಸಿ, ಅಂಗಿಗೆ ಒಂದು ಏರಿಸಿ ಸರಿಮಾಡಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬಟ್ಟೆ ಬದಲಾದಾಗಲೆಲ್ಲ ಹೊಸ ಅಂದಾಜು. ಅದೇ ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿ, ಗದ್ದದ ಕೆಳಗೆ ಮೀಟರ್ ಹಿಡಿದರೆ ಕೋಟಿಗೂ ಎಫ್ 8, ಅಂಗಿಗೂ ಎಫ್ 8. ಅದು ಬಟ್ಟೆಯನ್ನು ನೋಡುವುದೇ ಇಲ್ಲ, ಬೀಳುವ ಬೆಳಕನ್ನಷ್ಟೇ ನೋಡುತ್ತದೆ.

ಈಗಿನ ಟಿಟಿಎಲ್ ದಡ್ಡನಲ್ಲ ಅನ್ನುವುದನ್ನೂ ಹೇಳಬೇಕು. ನಿಕಾನ್ 2003ರಲ್ಲಿ ಐ-ಟಿಟಿಎಲ್, ಕ್ಯಾನನ್ 2004ರಲ್ಲಿ ಇ-ಟಿಟಿಎಲ್ 2 ತಂದ ಮೇಲೆ ಹಳೆಯ ಏರುಪೇರು ಬಹಳ ಕಡಿಮೆಯಾಗಿದೆ. ಜನ ಹತ್ತಿರ ಬರುತ್ತಾರೆ, ದೂರ ಹೋಗುತ್ತಾರೆ, ಫ್ಲ್ಯಾಶನ್ನು ಒಮ್ಮೆ ಗೋಡೆಗೆ, ಒಮ್ಮೆ ಸೂರಿಗೆ ತಿರುಗಿಸುತ್ತೀರಿ. ಅಂಥ ಕಡೆ ಮೀಟರ್ ಹಿಡಿದುಕೊಂಡು ಹೋದರೆ ನಗೆಪಾಟಲು. ಮೀಟರಿನ ಜಾಗ ಲೈಟ್ ಕದಲದೆ ನಿಂತಿರುವ ಕಡೆ.

ಬಳಸುವುದು ಸುಲಭ. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ 100 ಹಾಕಿ, ಶಟರ್ 1/125 ಹಾಕಿ, ಕಾರ್ಡ್‌ಲೆಸ್ ಮೋಡ್‌ಗೆ ಬನ್ನಿ. ಅಳೆಯುವ ಬಟನ್ ಒತ್ತಿದರೆ ಮಿಂಚಿನ ಗುರುತು ಮಿನುಗುತ್ತ ಕಾಯುತ್ತದೆ. ಸುಮಾರು 90 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಫ್ಲ್ಯಾಶನ್ನು ದೂರದಿಂದ ಹೊಡೆಸುವ ಟ್ರಿಗರ್‌ನ ಟೆಸ್ಟ್ ಬಟನ್ ಒತ್ತಿದರೆ ಸಾಕು. ಫ್ಲ್ಯಾಶ್ ಹೊಡೆದ ಕೂಡಲೇ ಅಪರ್ಚರ್ ಅಂಕಿ ಬರುತ್ತದೆ. ಸಹಾಯಕರಿಲ್ಲದೆ ಒಬ್ಬರೇ ಕೆಲಸ ಮಾಡುವವರು ಸಿಂಕ್ ಕೇಬಲ್ ಹಾಕಿಕೊಂಡರೆ ಮೀಟರೇ ಫ್ಲ್ಯಾಶ್ ಹೊಡೆಸುತ್ತದೆ. ನಾನು ಮಾತ್ರ ಟ್ರಿಗರನ್ನು ಎಡಗೈಯಲ್ಲಿ, ಮೀಟರನ್ನು ಬಲಗೈಯಲ್ಲಿ ಹಿಡಿದು ಕೆಲಸ ಮುಗಿಸುತ್ತೇನೆ. ಗದ್ದದ ಕೆಳಗೆ ಈ ಬಿಳಿ ಗುಂಡು ಹಿಡಿದಾಗ "ಏನಾದ್ರೂ ಮಾತಾಡ್ಬೇಕಾ ಸರ್?" ಅಂತ ಕೇಳುವವರಿದ್ದಾರೆ, ಮೈಕ್ ಅಂದುಕೊಂಡು. ಮಾತಾಡಲಿ ಬಿಡಿ, ಮುಖ ಸಡಿಲವಾಗುತ್ತದೆ.

ಒಂದು ಎಚ್ಚರಿಕೆ. ಫ್ಲ್ಯಾಶ್ ಟಿಟಿಎಲ್‌ನಲ್ಲಿದ್ದಾಗ ಅಳೆಯಬೇಡಿ. ಮೀಟರ್ ಮೊದಲು ಬರುವ ಸಣ್ಣ ಮಿಂಚನ್ನೇ ಹಿಡಿದುಕೊಂಡು ಏನೋ ಒಂದು ಅಂಕಿ ಹೇಳುತ್ತದೆ. ಕೆಲವು ಫ್ಲ್ಯಾಶ್‌ಗಳಲ್ಲಿ ಕಣ್ಣು ಕೆಂಪಾಗದಂತೆ ಮೊದಲೇ ಬಿಡುವ ರೆಡ್-ಐ ಮಿಂಚಿನ ಸೆಟಿಂಗ್ ಆನ್ ಇದ್ದರೂ ಇದೇ ಕಥೆ. ಮ್ಯಾನುಯಲ್ ಅಂದರೆ ಪೂರ್ತಿ ಮ್ಯಾನುಯಲ್.

ಸ್ಕ್ರೀನಿನಲ್ಲಿ ಅಂಕಿ ಬರುವ ರೀತಿಗೆ ಸ್ವಲ್ಪ ಅಭ್ಯಾಸ ಬೇಕು. 8.0 ಅಂತ ದೊಡ್ಡದಾಗಿ, ಪಕ್ಕದಲ್ಲಿ ಸಣ್ಣದಾಗಿ 5 ಅಂತ ಬಂದರೆ ಎಫ್ 8ರ ಮೇಲೆ ಹತ್ತರಲ್ಲಿ ಐದು ಭಾಗ, ಅಂದರೆ ಎಫ್ 8 ಮತ್ತು ಎಫ್ 11ರ ನಟ್ಟನಡುವೆ. ಕ್ಯಾಮೆರಾ ಡಯಲ್ ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪಿನಲ್ಲಿ ತಿರುಗುತ್ತದೆ. ಹಾಗಾಗಿ ಸಣ್ಣ ಅಂಕಿ 3 ಅಂದರೆ ಒಂದು ಕ್ಲಿಕ್, 7 ಅಂದರೆ ಎರಡು ಕ್ಲಿಕ್. 5 ಬಂದರೆ ನಾನು ಅಪರ್ಚರ್ ಮುಟ್ಟುವುದಿಲ್ಲ. ಫ್ಲ್ಯಾಶನ್ನೇ ಒಂದು ಚೂರು ಏರಿಸಿ ಇಳಿಸಿ ನನಗೆ ಬೇಕಾದ ಅಂಕಿಗೆ ತರುತ್ತೇನೆ. ಸ್ಟುಡಿಯೋದಲ್ಲಿ ಅಪರ್ಚರ್ ಮೊದಲು ತೀರ್ಮಾನವಾಗಬೇಕು, ಬೆಳಕು ಅದಕ್ಕೆ ಹೊಂದಬೇಕು. ಮೀಟರ್ ಹೇಳಿದ ಅಪರ್ಚರನ್ನು ಸುಮ್ನೆ ಒಪ್ಪಿಕೊಳ್ಳುವುದು ನನಗೆ ಸರಿಬರುವುದಿಲ್ಲ.

ಇನ್ನು ನಾನು ಇದನ್ನು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಬರೋಣ. ಮುಖ್ಯ ಲೈಟ್ ಒಂದು, ನೆರಳು ತುಂಬಲು ಫಿಲ್ ಲೈಟ್ ಒಂದು ಅಂತ ಇಟ್ಟುಕೊಳ್ಳಿ. ಮೊದಲು ಮುಖ್ಯ ಲೈಟ್ ಮಾತ್ರ ಹಚ್ಚಿ ಅಳೆಯಿರಿ, 8.0 ಬಂತು. ಅದನ್ನು ಆಫ್ ಮಾಡಿ ಫಿಲ್ ಮಾತ್ರ ಅಳೆಯಿರಿ, 4.0 ಬಂತು. ಎರಡು ಸ್ಟಾಪ್ ವ್ಯತ್ಯಾಸ, ಅಂದರೆ ಫಿಲ್ ಮುಖ್ಯ ಲೈಟಿನ ಕಾಲು ಭಾಗ. ಈಗ ಎರಡನ್ನೂ ಒಟ್ಟಿಗೆ ಹೊಡೆಸಿ. 8.0, ಪಕ್ಕದಲ್ಲಿ ಸಣ್ಣ 3. ಕಾಲು ಭಾಗ ಬೆಳಕು ಸೇರಿದ್ದಕ್ಕೆ ಮೂರನೇ ಒಂದು ಸ್ಟಾಪ್ ಏರಿತು. ಎರಡೂ ಲೈಟ್ 8.0 ಕೊಡುತ್ತಿದ್ದು, ಎರಡೂ ಒಂದೇ ಜಾಗಕ್ಕೆ ಬಿದ್ದರೆ ಒಟ್ಟು 11 ಬರಬೇಕು. ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ತಾನೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಓದುವುದಕ್ಕೂ ಕೈಯಲ್ಲಿ ನೋಡುವುದಕ್ಕೂ ತುಂಬ ವ್ಯತ್ಯಾಸ ಇದೆ.

ಸ್ಕ್ರೀನ್ ನೋಡಿಕೊಂಡು ಇದನ್ನೇ ಮಾಡಲು ಹೋಗಿ ನೋಡಿ. ನೆರಳು ಸ್ವಲ್ಪ ಗಾಢ ಅನ್ನಿಸುತ್ತದೆ, ಫಿಲ್ ಏರಿಸುತ್ತೀರಿ. ಆಗ ಒಟ್ಟಾರೆ ಬೆಳಕು ಜಾಸ್ತಿ ಅನ್ನಿಸುತ್ತದೆ, ಅಪರ್ಚರ್ ಇಳಿಸುತ್ತೀರಿ. ಹಿನ್ನೆಲೆ ಮಂಕಾಯಿತು, ಅದರ ಲೈಟ್ ಏರಿಸುತ್ತೀರಿ. ಎದುರಿಗೆ ಕೂತವರು ಕೈಗಡಿಯಾರ ನೋಡುತ್ತಾರೆ. ಇನ್ನೊಂದು ಸಂಗತಿ, ಕತ್ತಲೆ ಕೋಣೆಯಲ್ಲಿ ಕ್ಯಾಮೆರಾ ಸ್ಕ್ರೀನ್ ಯಾವಾಗಲೂ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಅದನ್ನು ನಂಬಿದರೆ ಫೋಟೋ ಕಂಪ್ಯೂಟರ್‌ಗೆ ಬಂದಾಗ ಕಪ್ಪು. ಹಿಸ್ಟೋಗ್ರಾಂ ಸ್ಕ್ರೀನಿಗಿಂತ ವಾಸಿ, ಆದರೆ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ಕೋಟಿನವರು ನಿಂತರೆ ಎಕ್ಸ್‌ಪೋಷರ್ ಎಷ್ಟೇ ಸರಿಯಿದ್ದರೂ ಗ್ರಾಫ್ ಎಡಕ್ಕೇ ಗುಡ್ಡೆ ಹಾಕಿಕೊಂಡಿರುತ್ತದೆ. ಅದರಲ್ಲಿ ಮುಖ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಅಂಕಿ ಬರೆದಿಟ್ಟುಕೊಂಡರೆ ಇನ್ನೊಂದು ಅನುಕೂಲ. ಮುಖ್ಯ 8, ಫಿಲ್ 4, ಹಿನ್ನೆಲೆ 11 ಅಂತ ಒಂದು ಚೀಟಿ ಇದ್ದರೆ ಮುಂದಿನ ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಫ್ಲ್ಯಾಶ್‌ಗಳಲ್ಲಿ ಅದೇ ಬೆಳಕನ್ನು ಮತ್ತೆ ಕಟ್ಟಬಹುದು. ಒಂದೇ ಸಂಸ್ಥೆಯ ಸಿಬ್ಬಂದಿಯನ್ನು ಕಂತು ಕಂತಾಗಿ ತೆಗೆಯುವ ಕೆಲಸದಲ್ಲಿ ಇದಿಲ್ಲದೆ ನನಗೆ ಕೈಕಾಲು ಆಡುವುದಿಲ್ಲ. ಬಿಳಿ ಹಿನ್ನೆಲೆ ನಿಜಕ್ಕೂ ಬಿಳಿಯಾಗಬೇಕಾದರೆ ಅದರ ಮೇಲೆ ಮುಖಕ್ಕಿಂತ ಒಂದರಿಂದ ಒಂದೂವರೆ ಸ್ಟಾಪ್ ಜಾಸ್ತಿ ಬೀಳುವ ಹಾಗೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಆ ಬಿಳುಪು ಹಿಂದಿನಿಂದ ಕೂದಲ ಅಂಚನ್ನೂ ಕಿವಿಯ ಅಂಚನ್ನೂ ತಿನ್ನಲು ಶುರುಮಾಡುತ್ತದೆ. ಕಣ್ಣಳತೆಯಲ್ಲಿ ಈ ಗೆರೆ ಗೊತ್ತಾಗುವುದಿಲ್ಲ, ಮೀಟರಿನಲ್ಲಿ ಗೊತ್ತಾಗುತ್ತದೆ.

ಗುಮ್ಮಟವನ್ನು ಎತ್ತ ತಿರುಗಿಸಬೇಕು ಅನ್ನುವುದು ಮುಗಿಯದ ಜಗಳ. ಕ್ಯಾಮೆರಾ ಕಡೆಗೆ ಅಂತ ಕೆಲವರು, ಲೈಟ್ ಕಡೆಗೆ ಅಂತ ಕೆಲವರು. ನನ್ನ ಅನುಭವದಲ್ಲಿ ಎರಡೂ ಸರಿ, ಕೆಲಸ ಬೇರೆ ಬೇರೆ. ಒಂದೊಂದೇ ಲೈಟಿನ ಬಲ ತಿಳಿಯಬೇಕಾದರೆ ಗುಮ್ಮಟ ಆ ಲೈಟನ್ನೇ ನೋಡಬೇಕು. ಎಲ್ಲ ಹೊಂದಿಸಿದ ಮೇಲೆ ಕೊನೆಯ ಅಳತೆಗೆ ಗದ್ದದ ಕೆಳಗಿನಿಂದ ಕ್ಯಾಮೆರಾ ಕಡೆಗೆ ತಿರುಗಿಸುತ್ತೇನೆ. ಪೂರ್ತಿ ಪಕ್ಕದಿಂದ ಬರುವ ಒಂದೇ ಲೈಟ್ ಇದ್ದಾಗ ಮಾತ್ರ ಹುಷಾರು. ಗುಮ್ಮಟ ಕ್ಯಾಮೆರಾ ನೋಡುತ್ತಿದ್ದರೆ ಅದರ ಅರ್ಧಕ್ಕೆ ಮಾತ್ರ ಬೆಳಕು, ಅಳತೆ ಕಡಿಮೆ ಬರುತ್ತದೆ. ಆ ಅಂಕಿ ನಂಬಿದರೆ ಬೆಳಕು ಬಿದ್ದ ಕೆನ್ನೆ ಸುಟ್ಟುಹೋಗಬಹುದು. ಅಂಥ ಫೋಟೋದಲ್ಲಿ ನಾನು ಲೈಟ್ ಕಡೆಗಿನ ಅಳತೆಯನ್ನೇ ಹಿಡಿಯುತ್ತೇನೆ, ನೆರಳು ನೆರಳಾಗಿಯೇ ಇರಲಿ.

ಗುಂಪು ಫೋಟೋದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಲೈಟ್ ಇಡುವಾಗ ನೆನಪಾಗುವುದಿಲ್ಲ. ಲೈಟಿಗೆ ಮುಂದಿನ ಸಾಲು ಒಂದೂವರೆ ಮೀಟರ್, ಹಿಂದಿನ ಸಾಲು ಎರಡೂವರೆ ಮೀಟರ್ ಇದ್ದರೆ ಇಬ್ಬರ ನಡುವೆ ಸುಮಾರು ಒಂದೂವರೆ ಸ್ಟಾಪ್ ವ್ಯತ್ಯಾಸ. ಮುಂದಿನವರಿಗೆ ಎಫ್ 8 ಆದರೆ ಹಿಂದಿನವರಿಗೆ ಎಫ್ 5ರ ಆಸುಪಾಸು. ಲೈಟನ್ನು ಹಿಂದಕ್ಕೆ ಸರಿಸಿ ಮುಂದಿನ ಸಾಲಿಗೆ ಮೂರು, ಹಿಂದಿನ ಸಾಲಿಗೆ ನಾಲ್ಕು ಮೀಟರ್ ಮಾಡಿದರೆ ವ್ಯತ್ಯಾಸ ಒಂದು ಸ್ಟಾಪಿಗಿಂತ ಕಡಿಮೆಯಾಗುತ್ತದೆ. ಲೈಟನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ ಹಿಂದಿನ ಸಾಲಿನ ಕಡೆಗೆ ಬಗ್ಗಿಸಿದರೆ ಮತ್ತೂ ಸಮವಾಗುತ್ತದೆ. ನಾನು ನಾಲ್ಕು ಮೂಲೆಯವರ ಗದ್ದದ ಹತ್ತಿರ ಹೋಗಿ ಒಂದೊಂದು ಸಲ ಹೊಡೆಸುತ್ತೇನೆ. ಎಲ್ಲ ಕಡೆ ಹತ್ತರಲ್ಲಿ ಮೂರರ ಒಳಗೆ ಬಂದರೆ ಶುರು. "ಅಣ್ಣಾ, ಇನ್ನೂ ಆಗ್ಲಿಲ್ವಾ?" ಅಂತ ಮೂಲೆಯಿಂದ ದನಿ ಬರುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ. ಮೂಲೆಯವರ ಮುಖವನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಎತ್ತಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಚಿತ್ರಪಟ, ಹಳೆಯ ದಾಖಲೆ ಕಾಪಿ ಮಾಡುವವರಿಗೂ ಇದೇ ಕೆಲಸ, ಇನ್ನೂ ಬಿಗಿಯಾಗಿ. ಅಲ್ಲಿ ಗುಮ್ಮಟದ ಬದಲು ಚಪ್ಪಟೆ ಬಿಲ್ಲೆ ಬೇಕು, ವಸ್ತುವೇ ಚಪ್ಪಟೆಯಲ್ವಾ. ಮೇಲಿನ ಮಾಡೆಲ್‌ಗಳಲ್ಲಿ ಗುಮ್ಮಟವೇ ಒಳಕ್ಕೆ ಇಳಿದು ಆ ಕೆಲಸ ಮಾಡುತ್ತದೆ. ಇದರಲ್ಲಿ ಹಾಗಿಲ್ಲ, ಬಿಲ್ಲೆಯನ್ನೇ ಹಾಕಬೇಕು.

ಮೀಟರ್ ಬಂದ ಮೇಲೆ ನನಗೆ ಗೊತ್ತಾದ ದೊಡ್ಡ ಸಂಗತಿ ನನ್ನ ಫ್ಲ್ಯಾಶ್‌ಗಳ ಗುಟ್ಟು. ಪವರನ್ನು 1/1ರಿಂದ 1/2, 1/4 ಹೀಗೆ 1/128ರ ತನಕ ಇಳಿಸಿದಾಗ ಪ್ರತಿ ಮೆಟ್ಟಿಲಿಗೂ ಸರಿಯಾಗಿ ಒಂದು ಸ್ಟಾಪ್ ಇಳಿಯಬೇಕು. ಒಂದು ಮೀಟರ್ ದೂರದಲ್ಲಿ ಮೀಟರ್ ನಿಲ್ಲಿಸಿ ಅಳೆದು ನೋಡಿ. ನನ್ನ ಹತ್ತಿರದ ಹಳೆಯ ಒಂದು ಫ್ಲ್ಯಾಶ್ ನಡುವಿನ ಮೆಟ್ಟಿಲುಗಳಲ್ಲಿ ಚೆನ್ನಾಗಿ ಇಳಿಯುತ್ತದೆ. ಕೊನೆಯ ಎರಡು ಮೆಟ್ಟಿಲಲ್ಲಿ ಮಾತ್ರ ಒಂದು ಸ್ಟಾಪ್ ಇಳಿಯುವ ಬದಲು ಹತ್ತರಲ್ಲಿ ಆರೋ ಏಳೋ ಇಳಿಯುತ್ತದೆ. ಕಂಪನಿ ಯಾವುದು ಅನ್ನುವುದು ಬೇಡ, ವಯಸ್ಸಾದ ಫ್ಲ್ಯಾಶ್. ಗೊತ್ತಿದ್ದರೆ ಸಾಕು, ಅದನ್ನು ಆ ಪವರ್‌ಗೆ ಒಯ್ಯದೆ ಸ್ವಲ್ಪ ದೂರ ಇಟ್ಟು ಕೆಲಸ ತೆಗೆಯುತ್ತೇನೆ.

ಇನ್ನೊಂದು ರೆಡಿ ಲೈಟ್. ಫುಲ್ ಪವರ್‌ನಲ್ಲಿ ಹೊಡೆದ ಮೇಲೆ ಕೆಂಪು ದೀಪ ಹತ್ತಿದ ಕೂಡಲೇ ಮತ್ತೆ ಹೊಡೆದು ಅಳೆಯಿರಿ. ಆಮೇಲೆ ಅದೇ ದೀಪ ಹತ್ತಿ ಇನ್ನೂ ಕೆಲವು ಸೆಕೆಂಡ್ ಕಾದು ಅಳೆಯಿರಿ. ಎರಡನೆಯದು ಜಾಸ್ತಿ ಬರುವುದು ಮಾಮೂಲು. ಕೆಪಾಸಿಟರ್ ಪೂರ್ತಿ ತುಂಬುವ ಮುಂಚೆಯೇ ದೀಪ ಹತ್ತಿಬಿಡುತ್ತದೆ. ಸೆಲ್ ಹಳತಾದಷ್ಟೂ ಈ ಅಂತರ ಬೆಳೆಯುತ್ತದೆ. ಒಂದೇ ಸರಣಿಯ ಫೋಟೋಗಳಲ್ಲಿ ನಡುನಡುವೆ ಒಂದೊಂದು ಮಂಕಾಗಿ ಬರುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. ಅಪರ್ಚರನ್ನೂ ಕ್ಯಾಮೆರಾವನ್ನೂ ಬೈದು ಪ್ರಯೋಜನ ಇಲ್ಲ. ನಾನು ಈಗ ಆದಷ್ಟು ಅರ್ಧ ಪವರ್ ದಾಟುವುದಿಲ್ಲ.

ಮೀಟರಿನ ಅಂಕಿಯೂ ದೇವರ ಮಾತಲ್ಲ. ಲೆನ್ಸಿನಿಂದ ಲೆನ್ಸಿಗೆ, ಕ್ಯಾಮೆರಾದಿಂದ ಕ್ಯಾಮೆರಾಗೆ ಸಣ್ಣ ವ್ಯತ್ಯಾಸ ಇರುತ್ತದೆ. ಮೊದಲ ದಿನವೇ ಒಂದು ಬೂದು ಕಾರ್ಡ್ ಇಟ್ಟು, ಮೀಟರ್ ಹೇಳಿದ ಹಾಗೆ ತೆಗೆದು, ನಿಮ್ಮ ಕ್ಯಾಮೆರಾದಲ್ಲಿ ಹೇಗೆ ಬರುತ್ತದೆ ನೋಡಿಕೊಳ್ಳಿ. ನನ್ನ ಒಂದು ಲೆನ್ಸಿನಲ್ಲಿ ಯಾವಾಗಲೂ ಮೂರನೇ ಒಂದು ಸ್ಟಾಪ್ ಕಪ್ಪು ಬರುತ್ತದೆ. ಅದು ಹಾಕಿದ ದಿನ ಕ್ಯಾಮೆರಾದಲ್ಲಿ ಐಎಸ್‌ಒ 100, ಮೀಟರಿನಲ್ಲಿ 80. ಅಷ್ಟೇ, ಆಮೇಲೆ ಯೋಚನೆಯೇ ಬೇಡ. ಹತ್ತಿರದಿಂದ ಸಣ್ಣ ವಸ್ತು ತೆಗೆಯುವ ಮ್ಯಾಕ್ರೋದಲ್ಲಿ ಲೆನ್ಸ್ ಮುಂದಕ್ಕೆ ಚಾಚಿದಷ್ಟೂ ಬೆಳಕು ಕಡಿಮೆಯಾಗುತ್ತದೆ, ಲೆನ್ಸ್ ಮುಂದೆ ಫಿಲ್ಟರ್ ಹಾಕಿದರೂ ಹಾಗೆಯೇ. ಕೈಯಲ್ಲಿರುವ ಮೀಟರಿಗೆ ಇದು ಗೊತ್ತಾಗುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಈ ಒಂದು ವಿಷಯದಲ್ಲಿ ಲೆನ್ಸ್ ಮೂಲಕವೇ ನೋಡುವ ಟಿಟಿಎಲ್ ಗೆಲ್ಲುತ್ತದೆ.

ಶಟರ್ ಬಗ್ಗೆ ಎರಡು ಮಾತು. ಸಿಂಕ್ ವೇಗದ (ಫ್ಲ್ಯಾಶ್ ಹೊಡೆಯುವಾಗ ಶಟರ್ ಪೂರ್ತಿ ತೆರೆದಿರುವ ಗರಿಷ್ಠ ವೇಗ) ಒಳಗೆ, ಅಂದರೆ ಬಹುತೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250ರ ತನಕ, ಶಟರ್ ಬದಲಿಸಿದರೆ ಫ್ಲ್ಯಾಶಿನ ಬೆಳಕು ಬದಲಾಗುವುದಿಲ್ಲ. ಫ್ಲ್ಯಾಶಿನ ಮಿಂಚು ಶಟರ್ ತೆರೆದಿರುವ ಹೊತ್ತಿಗಿಂತ ತುಂಬ ಚಿಕ್ಕದು. ಬದಲಾಗುವುದು ಕೋಣೆಯ ಬೆಳಕು ಮಾತ್ರ. ಎಲ್-308ಎಕ್ಸ್ ನೀವು ಹಾಕಿದ ಶಟರ್ ನೋಡಿಕೊಂಡು ಕೋಣೆಯ ಬೆಳಕನ್ನೂ ಫ್ಲ್ಯಾಶನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಅದರಲ್ಲಿ ಯಾವುದು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಸಂಜೆಯ ಕಿಟಕಿ ಬೆಳಕಿಗೆ ಫ್ಲ್ಯಾಶ್ ಬೆರೆಸುವವರಿಗೆ ಇದು ಕೊರತೆಯೇ. ಫ್ಲ್ಯಾಶ್ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಅಳೆದು ಮನಸ್ಸಿನಲ್ಲೇ ಕಳೆಯಬೇಕು. ಎಲ್-478ಡಿ ಆದರೆ ಫ್ಲ್ಯಾಶಿನ ಪಾಲು ಎಷ್ಟು ಶೇಕಡಾ ಅಂತ ಅದೇ ತೋರಿಸುತ್ತದೆ.

ಸಿಂಕ್ ವೇಗವನ್ನೂ ಮೀರಿ ಫ್ಲ್ಯಾಶ್ ಹೊಡೆಯುವ ಹೈಸ್ಪೀಡ್ ಸಿಂಕ್ ಇದರ ಕೈಗೆ ಎಟುಕುವುದಿಲ್ಲ. ಅಲ್ಲಿ ಫ್ಲ್ಯಾಶ್ ಒಮ್ಮೆ ಹೊಡೆದು ಸುಮ್ಮನಾಗುವುದಿಲ್ಲ, ಶಟರ್ ಸೀಳು ಸೆನ್ಸರ್ ದಾಟುವ ತನಕ ಪಟಪಟ ಅಂತ ಮಿನುಗುತ್ತಲೇ ಇರುತ್ತದೆ. ಅದನ್ನು ಅಳೆಯಬೇಕಾದರೆ ಎಲ್-858ಡಿಯಂಥ ದೊಡ್ಡ ಮೀಟರ್ ಬೇಕು. ಹೊರಗೆ ಬಿಸಿಲಿನಲ್ಲಿ ಅಪರ್ಚರ್ ದೊಡ್ಡದಾಗಿ ತೆರೆದು, 1/2000ದಲ್ಲಿ ಫ್ಲ್ಯಾಶ್ ಹೊಡೆಯುವುದೇ ನಿಮ್ಮ ದಿನದ ಕೆಲಸವಾದರೆ ಇದನ್ನು ಕೊಳ್ಳಬೇಡಿ.

ಬೇರೆ ಕೊರತೆಗಳೂ ಇವೆ. ತಲೆ ತಿರುಗುವುದಿಲ್ಲ. ಗುಮ್ಮಟವನ್ನು ಲೈಟ್ ಕಡೆ ತಿರುಗಿಸಿದರೆ ಸ್ಕ್ರೀನೂ ಅತ್ತಲೇ ತಿರುಗುತ್ತದೆ, ಕೈ ವಾಪಸ್ ತಂದು ಓದಬೇಕು. ಹಳೆಯ ಎಲ್-358 ಇದ್ದವರು ತಲೆ ತಿರುಗಿಸುವ ಸುಖ ಕಂಡವರು, ಅವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಒಳಗೆ ರೇಡಿಯೋ ಇಲ್ಲ, ಹಾಗಾಗಿ ಟ್ರಿಗರ್ ಬೇರೆಯೇ ಹಿಡಿಯಬೇಕು. ಹೊಳೆಯುವ ಸ್ಟೀಲ್ ಪಾತ್ರೆ, ಗಾಜಿನ ಬಾಟಲಿ ತೆಗೆಯುವಾಗ ಇದು ಹೆಚ್ಚು ಸಹಾಯ ಮಾಡುವುದಿಲ್ಲ. ಅಲ್ಲಿ ನಾವು ತೆಗೆಯುವುದು ಪಾತ್ರೆಯನ್ನಲ್ಲ, ಪಾತ್ರೆಯಲ್ಲಿ ಕಾಣುವ ಸಾಫ್ಟ್‌ಬಾಕ್ಸಿನ ಬಿಂಬವನ್ನು. ಬೀಳುವ ಬೆಳಕು ಎಷ್ಟೇ ಇರಲಿ, ಬಿಂಬ ಎಷ್ಟು ಬಿಳಿ ಅನ್ನುವುದೇ ಮುಖ್ಯ. ಅಂಥ ಕೆಲಸದಲ್ಲಿ ಮೊದಲ ಅಂದಾಜಿಗೆ ಮಾತ್ರ ಮೀಟರ್, ಆಮೇಲೆ ಕಂಪ್ಯೂಟರಿಗೆ ಕೇಬಲ್ ಹಾಕಿ ನೋಡಿಕೊಂಡೇ ಹೋಗುತ್ತೇನೆ. ಎಲೆಯ ಹಿಂದಿನಿಂದ, ಬಟ್ಟೆಯ ಹಿಂದಿನಿಂದ ಬೆಳಕು ತೂರಿ ಬರುವ ಫೋಟೋಗಳಿಗೂ ಇದೇ ಮಾತು.

ಮೀಟರ್ ಇಲ್ಲದೆ ನಡೆಯುವುದಿಲ್ಲವೇ? ನಡೆಯುತ್ತದೆ. ಫ್ಲ್ಯಾಶಿನ ಬಲ ಹೇಳುವ ಗೈಡ್ ನಂಬರ್ ಇದೆ, ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್. ಐಎಸ್‌ಒ 100ರಲ್ಲಿ ಫ್ಲ್ಯಾಶಿನ ಗೈಡ್ ನಂಬರ್ 36 ಅಂತಿದ್ದರೆ, ನಾಲ್ಕೂವರೆ ಮೀಟರ್ ದೂರದವರಿಗೆ 36 ಭಾಗಿಸು 4.5, ಎಫ್ 8. ಐಎಸ್‌ಒ 400 ಮಾಡಿದರೆ ಗೈಡ್ ನಂಬರ್ ಎರಡರಷ್ಟು. ಬರೀ ಫ್ಲ್ಯಾಶನ್ನು ನೇರ ಹೊಡೆಯುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬಾಕ್ಸಿನ ಮೇಲೆ ದಪ್ಪಕ್ಷರದಲ್ಲಿ ಹಾಕಿರುವ ನಂಬರ್ ಬಹಳ ಸಲ ಫ್ಲ್ಯಾಶ್ ತಲೆಯನ್ನು ಪೂರ್ತಿ ಜೂಮ್ ಮಾಡಿದಾಗಿನದು, ಅಗಲಕ್ಕೆ ತಂದರೆ ಅದು ಎಷ್ಟೋ ಇಳಿಯುತ್ತದೆ. ಸಾಫ್ಟ್‌ಬಾಕ್ಸ್ ಹಾಕಿದಿರೋ, ಛತ್ರಿ ಹಾಕಿದಿರೋ, ಲೆಕ್ಕ ಮುಗಿಯಿತು. ಒಂದರಿಂದ ಎರಡು ಸ್ಟಾಪ್ ಬಟ್ಟೆಯೇ ತಿನ್ನುತ್ತದೆ, ಎಷ್ಟು ಅನ್ನುವುದು ಬಟ್ಟೆಯಿಂದ ಬಟ್ಟೆಗೆ ಬೇರೆ. ಮೊಬೈಲ್ ಮೀಟರ್ ಆ್ಯಪ್‌ಗಳು ಬಿಸಿಲಿಗೆ, ಬಲ್ಬ್ ಬೆಳಕಿಗೆ ಸರಿ. ಕ್ಷಣದಲ್ಲಿ ಮುಗಿದುಹೋಗುವ ಫ್ಲ್ಯಾಶನ್ನು ಹಿಡಿಯುವುದು ಸಾಮಾನ್ಯ ಆ್ಯಪ್‌ಗಳಿಂದ ಆಗದ ಕೆಲಸ.

ಸೆಕೆಂಡ್‌ಹ್ಯಾಂಡ್ ನೋಡುವವರಿಗೆ ಮಿನೋಲ್ಟಾ ಮೀಟರ್‌ಗಳನ್ನೂ ಹೇಳುತ್ತೇನೆ. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯಾಪಾರ ಬಿಟ್ಟಿತು, ಆದರೆ ಅವರ ಆಟೋ ಮೀಟರ್‌ಗಳು ಇವತ್ತಿಗೂ ಒಳ್ಳೆಯ ಅಂಕಿ ಕೊಡುತ್ತವೆ. ಕೊಳ್ಳುವ ಮುಂಚೆ ಗುಮ್ಮಟ ಹಳದಿಯಾಗಿದೆಯಾ, ಗೀರು ಬಿದ್ದಿದೆಯಾ, ಸೆಲ್ ಜಾಗದಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಆಮೇಲೆ ಒಂದೇ ಫ್ಲ್ಯಾಶನ್ನು ಒಂದೇ ದೂರದಿಂದ ಮತ್ತೆ ಮತ್ತೆ ಹೊಡೆಸಿ, ಪ್ರತಿ ಸಲ ಚಾರ್ಜ್ ಆಗಲು ಸಮಯ ಕೊಟ್ಟು. ಅಂಕಿ ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಕುಣಿಯುತ್ತಿದ್ದರೆ ಬಿಟ್ಟುಬಿಡಿ.

ನನ್ನ ಶಿಫಾರಸು ಹೀಗೆ. ಪೋರ್ಟ್ರೇಟ್, ಗುಂಪು ಫೋಟೋ, ಚಿತ್ರಪಟದ ಕಾಪಿ, ನಿಂತಲ್ಲೇ ನಿಲ್ಲುವ ಲೈಟ್, ಮ್ಯಾನುಯಲ್ ಫ್ಲ್ಯಾಶ್, ಇವು ನಿಮ್ಮ ಕೆಲಸವಾದರೆ ಎಲ್-308ಎಕ್ಸ್ ಕೊಳ್ಳಿ, ದೊಡ್ಡ ಮಾಡೆಲ್‌ಗೆ ಆಸೆಪಡಬೇಡಿ. ಫ್ಲ್ಯಾಶನ್ನು ಕಿಟಕಿ ಬೆಳಕಿಗೆ ಬೆರೆಸುವುದೇ ಜಾಸ್ತಿಯಾದರೆ ಎಲ್-478ಡಿ ನೋಡಿ. ಫ್ಲ್ಯಾಶ್ ಕಲಿಯಲು ಈಗಷ್ಟೇ ಶುರುಮಾಡಿದವರು ಎರಡನೇ ಫ್ಲ್ಯಾಶ್ ಕೊಳ್ಳುವ ಮುಂಚೆ ಇದನ್ನು ಕೊಂಡರೆ ತಪ್ಪಿಲ್ಲ ಅನ್ನುತ್ತೇನೆ, ಹತ್ತಿರದ ಹಿರಿಯರು ಇದಕ್ಕೆ ತಲೆಯಾಡಿಸದಿದ್ದರೂ. ಮತ್ತೆ ಒಂದು, ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಆ ಎಎ ಸೆಲ್ ತೆಗೆದಿಡಿ. ಗುಮ್ಮಟದ ಮೇಲೆ ಬೆರಳ ಜಿಡ್ಡು ಹತ್ತಿದರೆ ಒಣ ಮೆತ್ತನೆ ಬಟ್ಟೆ ಸಾಕು, ಸ್ಪಿರಿಟ್ ಹಚ್ಚಲು ಹೋಗಬೇಡಿ.